ಊದಿನಕಡ್ಡಿಗೆ ಕೆಂಪು, ಗ್ರೈಂಡರಿಗೆ ಹಸಿರು: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಧೂಳು ಅಳೆದ ಪ್ರಕರಣ

ಇದು ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಡೆದದ್ದು. ಉದ್ಯಮಬಾಗ, ಮಚ್ಛೆ, ಕಾಕತಿ, ಎಲ್ಲಿಯಾದರೂ ಇರಬಹುದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇಂಥದ್ದೇ ಶೆಡ್ಡು ನಡೆಸುವವರಿಗೆ, ಅಲ್ಲಿ ದುಡಿಯುವವರಿಗೆ, ಧೂಳು ಅಳೆಯಲು ಹೊಸದಾಗಿ ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮಾಲೀಕರು ನನ್ನನ್ನು ಕರೆದದ್ದು ಧೂಳು ಅಳೆಯಲಿಕ್ಕೆ ಅಲ್ಲ. ಅವರ ಹತ್ತಿರ ಆಗಲೇ ಒಂದು ಮೀಟರ್ ಇತ್ತು. ಆನ್‌ಲೈನಿನಲ್ಲಿ ತರಿಸಿದ್ದು, ಅಂಗೈಯಗಲದ್ದು, ಪಿಎಂ 2.5 ಮತ್ತು ಪಿಎಂ 10 ತೋರಿಸುವಂಥದ್ದು, ಅಂದರೆ 2.5 ಮತ್ತು 10 ಮೈಕ್ರಾನಿಗಿಂತ ಸಣ್ಣ ಧೂಳು ಗಾಳಿಯಲ್ಲಿ ಎಷ್ಟಿದೆ ಅಂತ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದು ಕೆಟ್ಟಿದೆ ಅನ್ನುವುದು ಅವರ ದೂರು.

"ಇದು ಸುಳ್ಳ ಹೇಳ್ತೈತ್ರಿ ಸರ್. ಆಫೀಸಿನ್ಯಾಗ ದೇವರ ಮುಂದ ಊದಿನಕಡ್ಡಿ ಹಚ್ಚಿದ್ರ ಕೆಂಪ ಆಗ್ತೈತಿ. ಗ್ರೈಂಡರ್ ಬಾಜೂಕ ಇಟ್ರ ಹಸರ ತೋರಸ್ತೈತಿ. ಅಲ್ಲಿ ನೋಡಿದ್ರ ಮನಷ್ಯಾನ ಮಾರಿ ಕಾಣಸೂದಿಲ್ಲ!"

ಹೋಗಿ ನೋಡಿದೆ. ಅವರು ಹೇಳಿದ್ದು ನಿಜ. ಗ್ರೈಂಡರ್ ಪಕ್ಕದಲ್ಲಿ ಬಿಸಿಲಿನ ಕೋಲು ತಗಡಿನ ತೂತಿನಿಂದ ಇಳಿದಿತ್ತು, ಅದರಲ್ಲಿ ಧೂಳು ಹೊಗೆಯ ಹಾಗೆ ತಿರುಗುತ್ತಿತ್ತು. ಮೀಟರ್ ಮಾತ್ರ ಹಸಿರು, ತಪ್ಪಿದರೆ ಹಳದಿ. ಆದರೆ ಮೀಟರ್ ಕೆಟ್ಟಿರಲಿಲ್ಲ. ಅದು ತನಗೆ ಕಾಣುವುದನ್ನು ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕೆ ದೊಡ್ಡ ಕಣ ಕಾಣುವುದೇ ಇಲ್ಲ, ಅಷ್ಟೆ.

ಇಂಥ ಅಗ್ಗದ ಮೀಟರಿನ ಒಳಗೆ ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಮೆಲ್ಲಗೆ ಎಳೆಯುತ್ತದೆ. ಗಾಳಿ ಒಂದೆರಡು ತಿರುವು ದಾಟಿ ಲೇಸರ್ ಬೆಳಕಿನ ಮುಂದೆ ಹಾಯುತ್ತದೆ. ಕಣದ ಮೇಲೆ ಬಿದ್ದು ಚದುರಿದ ಬೆಳಕಿನಿಂದ ಲೆಕ್ಕ. ಹೊಗೆಯ ಸಣ್ಣ ಕಣಗಳು ಗಾಳಿಯ ಜೊತೆ ಸಲೀಸಾಗಿ ತಿರುಗಿ ಒಳಗೆ ಬರುತ್ತವೆ. ಉಸುಕಿನ ಭಾರದ ಕಣಗಳು ತಿರುವಿನಲ್ಲೇ ಗೋಡೆಗೆ ಬಡಿದು ಕೂರುತ್ತವೆ, ಇಲ್ಲವೇ ಒಳಗೇ ಬರುವುದಿಲ್ಲ. ಹೀಗಾಗಿ ಅದು ತೋರಿಸುವ ಪಿಎಂ 10 ಹೆಚ್ಚಿನ ಮಟ್ಟಿಗೆ ಸಣ್ಣ ಕಣಗಳನ್ನು ನೋಡಿ ಮಾಡಿದ ಅಂದಾಜು. ಊದಿನಕಡ್ಡಿಯ ಹೊಗೆ ಅಂದರೆ ಅದಕ್ಕೆ ಹಬ್ಬ. ಗ್ರೈಂಡರಿನ ಧೂಳಿಗೆ ಅದು ಕುರುಡು.

ಇದನ್ನು ಕೇಳಿ ಮಾಲೀಕರು ಸುಮ್ಮನಾದರು. ಆಮೇಲೆ ನಿಜವಾದ ವಿಷಯ ಹೇಳಿದರು.

ಕಾಕಾನ ಎಕ್ಸ್‌ರೇ

ಅಲ್ಲಿ ಎಲ್ಲರೂ ಕಾಕಾ ಅಂತ ಕರೆಯುವ ಒಬ್ಬರಿದ್ದರು. ಫೆಟ್ಲಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ದಾಟಿದ ಸರ್ವಿಸು. ಕಾಸ್ಟಿಂಗಿಗೆ (ಎರಕ ಹೊಯ್ದ ವಸ್ತುವಿಗೆ) ಹತ್ತಿದ ಸುಟ್ಟ ಉಸುಕು, ಅಂಚಿನ ಹೆಚ್ಚುವರಿ ಕಬ್ಬಿಣ, ಎಲ್ಲವನ್ನೂ ಗ್ರೈಂಡರ್ ಹಿಡಿದು ತೆಗೆಯುವ ಕೆಲಸ. ಒಂದು ವರ್ಷದಿಂದ ಒಣ ಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು. ಮೊದಲು ಟಿಬಿ ಪರೀಕ್ಷೆ ಮಾಡಿದರು, ಇರಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: ಏನು ಕೆಲಸ ಮಾಡ್ತೀರಿ, ಎಷ್ಟು ವರ್ಷದಿಂದ, ಅಲ್ಲಿ ಎಂಥ ಧೂಳು? ಸಿಲಿಕೋಸಿಸ್ ಇರಬಹುದು ಅಂತ ಅವರ ಅನುಮಾನ, ಅಂದರೆ ಉಸುಕಿನಲ್ಲಿರುವ ಸಿಲಿಕಾದ ಧೂಳು ಎದೆಗೆ ಹೋಗಿ ಬರುವ ಶ್ವಾಸಕೋಶದ ರೋಗ. ಕೆಲಸದ ಜಾಗದ ಧೂಳಿನ ವರದಿ ತನ್ನಿ ಅಂದರು.

ಆ ಪ್ರಶ್ನೆ ಕೇಳುವ ಡಾಕ್ಟರು ಸಿಕ್ಕಿದ್ದು ಕಾಕಾನ ಪುಣ್ಯ. ಕೆಮ್ಮಿಗೆ ಔಷಧಿ ಬರೆದು ಕಳಿಸಿದ್ದರೆ ಈ ಪ್ರಕರಣ ಶುರುವೇ ಆಗುತ್ತಿರಲಿಲ್ಲ.

ಫೌಂಡ್ರಿ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಉಸುಕಿಗೆ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಸೇರಿಸಿ ಮೋಲ್ಡ್, ಅಂದರೆ ಅಚ್ಚು, ಮಾಡುತ್ತಾರೆ. ಅದರೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆರಿದ ಮೇಲೆ ಒಡೆದು ಕಾಸ್ಟಿಂಗ್ ಹೊರಗೆ ತೆಗೆಯುವುದು ನಾಕೌಟ್. ಉಸುಕಿನ ಕಾಳು ದೊಡ್ಡದು, ನೂರಾರು ಮೈಕ್ರಾನ್. ಅದು ಎದೆಯೊಳಗೆ ಹೋಗುವುದಿಲ್ಲ. ಆದರೆ ಬೆಂಕಿಗೆ ಸಿಕ್ಕಿ, ಒಡೆದು, ಗ್ರೈಂಡರಿಗೆ ಸಿಕ್ಕಿ ಪುಡಿಯಾದಾಗ ಕೆಲವೇ ಮೈಕ್ರಾನಿನ ಸಿಲಿಕಾ ಚೂರು ಹುಟ್ಟುತ್ತವೆ. ತೊಂದರೆ ಇರುವುದು ಅವುಗಳಲ್ಲಿ. ಸುಮಾರು ನಾಲ್ಕು ಮೈಕ್ರಾನಿನ ಆಸುಪಾಸು ಮತ್ತು ಅದಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಕ್ಕೆ ಇಳಿಯುತ್ತವೆ. ನಮ್ಮ ತಲೆಗೂದಲು ಐವತ್ತರಿಂದ ಎಪ್ಪತ್ತು ಮೈಕ್ರಾನ್ ದಪ್ಪ. ಅಂದರೆ ಕಣ್ಣಿಗೆ ಕಾಣುವ ಧೂಳು ಎಚ್ಚರಿಕೆ ಕೊಡುತ್ತದೆ, ಕಾಣದ ಧೂಳು ರೋಗ ಕೊಡುತ್ತದೆ.

ಮೊದಲ ಸುತ್ತು: ಎಣಿಸಿ ನೋಡಿದ್ದು

ಮೊದಲ ದಿನ ಕಣ ಎಣಿಸುವ ಯಂತ್ರ ಹಿಡಿದು ಶೆಡ್ಡಿನ ತುಂಬ ಅಡ್ಡಾಡಿದೆ. ಇದೂ ಲೇಸರಿನದೇ, ಆದರೆ ಗಾಳಿಯನ್ನು ಪಂಪಿನಿಂದ ನೇರವಾಗಿ ಎಳೆದು ಒಂದೊಂದೇ ಕಣವನ್ನು ನೋಡಿ ಗಾತ್ರದ ಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ: 0.3, 0.5, 1, 2.5, 5, 10 ಮೈಕ್ರಾನ್. ಒಂದೇ ಅಂಕಿಯ ಬದಲು ಆರು ಅಂಕಿ. ಅಷ್ಟರಿಂದಲೇ ಚಿತ್ರ ಬದಲಾಯಿತು.

ಕಬ್ಬಿಣ ಸುರಿಯುವ ಕಡೆ 0.3ರ ಡಬ್ಬಿ ಉಕ್ಕಿ ಹರಿಯಿತು, 5 ಮತ್ತು 10ರದು ಅಲುಗಾಡಲಿಲ್ಲ. ಗ್ರೈಂಡರ್ ಹತ್ತಿರ 5 ಮತ್ತು 10ರ ಡಬ್ಬಿಗಳು ಜಿಗಿದವು. ಕೋರ್ (ಕಾಸ್ಟಿಂಗಿನ ಒಳಗೆ ಟೊಳ್ಳು ಬರಲು ಇಡುವ ಉಸುಕಿನ ಅಚ್ಚು) ಮಾಡುವ ಮೇಜಿನಲ್ಲಿ ಇಂಥ ಧೂಳು ಹುಟ್ಟುವ ಕೆಲಸವೇ ಇಲ್ಲ, ಅಲ್ಲೂ ಗ್ರೈಂಡರಿನದೇ ಗುರುತು ಸಿಕ್ಕಿತು, ಸ್ವಲ್ಪ ತೆಳುವಾಗಿ. ಅದು ಯಾಕೆ ಅಂತ ಆಗ ಹೊಳೆಯಲಿಲ್ಲ.

ಸೂಪರ್‌ವೈಸರ್ ಹುಡುಗ ಚುರುಕಿನವನು. "ಒಟ್ಟ ಕಣ ಜಾಸ್ತಿ ಇರೂದು ಸುರಿಯೋ ಕಡೆ ಅಲ್ಲೇನ್ರೀ ಸರ್? ಹಂಗಾದ್ರ ಮೊದಲ ಅಲ್ಲೇ ರಿಪೇರಿ ಮಾಡಬೇಕಲ್ಲ?" ಅಂದ. ಒಳ್ಳೆ ಪ್ರಶ್ನೆ. ಇಲ್ಲೇ ಬಹಳ ಜನ ದಾರಿ ತಪ್ಪುವುದು.

ಕಣದ ಅಗಲ ಹತ್ತು ಪಟ್ಟು ಹೆಚ್ಚಿದರೆ ತೂಕ ಸಾವಿರ ಪಟ್ಟು ಹೆಚ್ಚುತ್ತದೆ. ಹತ್ತು ಮೈಕ್ರಾನಿನ ಒಂದು ಕಣದ ತೂಕಕ್ಕೆ ಒಂದು ಮೈಕ್ರಾನಿನ ಸಾವಿರ ಕಣ ಬೇಕು, 0.1 ಮೈಕ್ರಾನಿನದಾದರೆ ಹತ್ತು ಲಕ್ಷ. ಒಂದು ಕುಂಬಳಕಾಯಿ, ಒಂದು ಚೀಲ ಗಸಗಸೆ ಇದ್ದ ಹಾಗೆ. ಎಣಿಸಿದರೆ ಕುಂಬಳಕಾಯಿ ಲೆಕ್ಕಕ್ಕೇ ಬರುವುದಿಲ್ಲ. ತೂಗಿದರೆ ನಾಲ್ಕು ಕುಂಬಳಕಾಯಿಯ ಮುಂದೆ ಒಂದು ಹಿಡಿ ಗಸಗಸೆ ಕಾಣುವುದಿಲ್ಲ. ಎರಡೂ ಲೆಕ್ಕ ಸರಿಯೇ. ಯಾವ ಕಾಯಿಲೆಯ ಬೆನ್ನು ಹತ್ತಿದ್ದೇವೆ ಅನ್ನುವುದರ ಮೇಲೆ ಯಾವುದನ್ನು ನಂಬಬೇಕು ಅನ್ನುವುದು ನಿಂತಿದೆ. ಸಿಲಿಕೋಸಿಸ್ ವಿಷಯದಲ್ಲಿ ಆಳಕ್ಕೆ ಇಳಿಯುವ ಸಿಲಿಕಾದ ತೂಕ ಮುಖ್ಯ, ವರ್ಷಗಟ್ಟಲೆ ಎಷ್ಟು ಒಳಗೆ ಹೋಯಿತು ಅನ್ನುವುದು. ಹಾಗಾಗಿ ಮೊದಲು ಫೆಟ್ಲಿಂಗ್, ಅದೂ ತೂಕ ಮಾಡಿ, ಅಂತ ತೀರ್ಮಾನಿಸಿದೆವು.

ನಮ್ಮ ಕಾನೂನಿನಲ್ಲೂ ಈ ಎರಡು ಲೆಕ್ಕ ಇದ್ದವು. 1948ರ ಫ್ಯಾಕ್ಟರಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಕ್ವಾರ್ಟ್ಜ್ (ಉಸುಕಿನ ಸಿಲಿಕಾದ ಹರಳು ರೂಪ) ಧೂಳಿಗೆ ಕಣಗಳ ಸಂಖ್ಯೆಯ ಮಿತಿ ಒಂದು, ತೂಕದ ಮಿತಿ ಒಂದು. ಆಳಕ್ಕೆ ಇಳಿಯುವ ಧೂಳಿಗೆ ಸೂತ್ರ ಹೀಗಿತ್ತು: ಆ ಧೂಳಿನಲ್ಲಿ ಕ್ವಾರ್ಟ್ಜ್ ಶೇಕಡಾ ಎಷ್ಟಿದೆಯೋ ಅದಕ್ಕೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಬೇಕು. ಶೇಕಡಾ 18 ಇದ್ದರೆ ಘನ ಮೀಟರಿಗೆ 0.5 ಮಿಲಿಗ್ರಾಂ. ಪಿಎಂ 10ಕ್ಕೆ ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ 2.5ಕ್ಕೆ 60 ಅನ್ನುವುದು 2009ರ ಹೊರಗಿನ ಗಾಳಿಯ ಮಾನದಂಡ. ಅದನ್ನು ಶೆಡ್ಡಿನೊಳಗೆ ತಂದು ಹೋಲಿಸುವುದು ತಪ್ಪು. ಅಂಗೈ ಮೀಟರಿನ ಹಸಿರು ಕೆಂಪು ಬಣ್ಣಗಳೂ ಹೊರಗಿನ ಗಾಳಿಗೆ ಮಾಡಿದಂಥವೇ.

ಕಾಕಾ ಕಟ್ಟಿದ ಅರಿವೆ

ತೂಕ ಮಾಡುವ ವಿಧಾನ ಹಳೆಯದು, ನಂಬಿಕೆಯದು. ಸೊಂಟಕ್ಕೆ ಒಂದು ಸಣ್ಣ ಪಂಪು. ಅದರ ಕೊಳವೆ ಹೆಗಲ ಮೇಲೆ ಬಂದು ಕಾಲರಿಗೆ ಸಿಕ್ಕಿಸಿದ ಸೈಕ್ಲೋನಿಗೆ ಸೇರುತ್ತದೆ. ಹೆಬ್ಬೆರಳಿನಷ್ಟಿರುವ ಈ ಸೈಕ್ಲೋನಿನಲ್ಲಿ ಗಾಳಿ ಸುತ್ತುತ್ತದೆ. ದೊಡ್ಡ ಕಣ ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ, ಆಳಕ್ಕೆ ಇಳಿಯುವಂಥ ಸಣ್ಣವು ಮಾತ್ರ ಮೇಲಿನ ಫಿಲ್ಟರಿನ ಮೇಲೆ ಕೂರುತ್ತವೆ. ಫಿಲ್ಟರನ್ನು ಮೊದಲೂ ಆಮೇಲೂ ತೂಗಬೇಕು. ಪಂಪಿನ ವೇಗ ತಪ್ಪಿದರೆ ಸೈಕ್ಲೋನ್ ಬೇರೆಯೇ ಗಾತ್ರದ ಕಣ ಆರಿಸುತ್ತದೆ, ಆದ್ದರಿಂದ ಅದನ್ನೂ ಮೊದಲು ಮತ್ತು ಕೊನೆಗೆ ನೋಡಬೇಕು. ಕಂಬಕ್ಕೆ ಕಟ್ಟಿದರೆ ಆಗುವುದಿಲ್ಲ. ಕಾಕಾ ಕಾಸ್ಟಿಂಗಿನ ಮೇಲೆ ಬಗ್ಗಿದಾಗ ಅವರ ಮೂಗಿನ ಮುಂದೆ ಏನಿದೆ ಅನ್ನುವುದು ಬೇಕು, ಅಲ್ವಾ?

ಬೆಳಿಗ್ಗೆ ಕಟ್ಟಿ ಹೋದೆ. ಶಿಫ್ಟ್ ಮುಗಿಯುವಾಗ ಬಂದು ನೋಡಿದರೆ ಸೈಕ್ಲೋನಿನ ಮೇಲೆ ಒಂದು ಸ್ವಚ್ಛ ಬಿಳಿ ಅರಿವೆ. ನೀಟಾಗಿ ಮಡಚಿ, ದಾರ ಸುತ್ತಿ ಗಂಟು ಹಾಕಿದ್ದರು.

"ಇಷ್ಟ ತುಟ್ಟಿ ಮಷಿನ್ರೀ, ಧೂಳ ಹೊಕ್ಕು ಕೆಟ್ಟಗಿಟ್ಟೀತು ಅಂತ ಕಟ್ಟೇನ್ರಿ" ಅಂದರು ಕಾಕಾ.

ಇಡೀ ದಿನದ ಸ್ಯಾಂಪಲ್ ಹಾಳು. ತಪ್ಪು ನನ್ನದು. ಪಂಪಿನ ವೇಗ ನೋಡಿದ್ದೆ, ಫಿಲ್ಟರಿನ ನಂಬರ್ ಬರೆದುಕೊಂಡಿದ್ದೆ. ಅದನ್ನು ಹೊತ್ತುಕೊಂಡು ಎಂಟು ಗಂಟೆ ದುಡಿಯುವ ಮನುಷ್ಯನಿಗೆ ಅದು ಏನು ಮಾಡುತ್ತದೆ ಅಂತ ಹೇಳಿರಲಿಲ್ಲ. ತಮ್ಮ ಎದೆಗೆ ಏನೂ ಅಡ್ಡ ಇಲ್ಲದೆ ಇಪ್ಪತ್ತು ವರ್ಷ ಕಳೆದ ಮನುಷ್ಯ ನನ್ನ ಯಂತ್ರಕ್ಕೆ ಅರಿವೆ ಕಟ್ಟಿದ್ದರು. ಅದನ್ನು ಬಿಚ್ಚುವಾಗ ನನಗೆ ಮಾತು ಬರಲಿಲ್ಲ.

ಮರುದಿನ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಸೈಕ್ಲೋನ್ ಬಿಚ್ಚಿ ತೋರಿಸಿದೆ. ಅಲ್ಲಿಂದ ಕೆಲಸ ಸಲೀಸಾಯಿತು. ಮುಂದಿನ ವಾರ ಮೂರು ಜನರ ಮೇಲೆ ತಲಾ ಎರಡು ದಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದೆವು, ತೂಕಕ್ಕೂ ಕ್ವಾರ್ಟ್ಜ್ ಎಷ್ಟಿದೆ ಅನ್ನುವುದಕ್ಕೂ. ಕಾಕಾನ ಅಂಕಿ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ ಬಂತು. ಕೋರ್ ಮೇಜಿನವರದು ಮಿತಿಯ ಒಳಗಿತ್ತು, ಆದರೆ ಧೂಳೇ ಇರಬಾರದ ಜಾಗದಲ್ಲಿ ಅಷ್ಟಿತ್ತು.

ಗಡಿಯಾರದ ಪಕ್ಕ ಬರೆದ ಟಿಪ್ಪಣಿ

ಫಿಲ್ಟರ್ ದಿನದ ಮೊತ್ತ ಹೇಳುತ್ತದೆ. ಯಾವ ಗಳಿಗೆಯಲ್ಲಿ ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಒಂದು ದಿನ ಕ್ಷಣಕ್ಷಣದ ಅಂಕಿ ದಾಖಲಿಸುವ ಯಂತ್ರವನ್ನು ಕಾಕಾನ ಪಕ್ಕದಲ್ಲಿ ಇಟ್ಟೆವು. ಸೂಪರ್‌ವೈಸರ್ ಹುಡುಗ ನೋಟ್‌ಬುಕ್ ಹಿಡಿದು ನಿಂತ. ಕಾಕಾ ಏನು ಮಾಡುತ್ತಾರೆ ಅನ್ನುವುದನ್ನು ಗಡಿಯಾರ ನೋಡಿ ಬರೆಯುವುದು ಅವನ ಕೆಲಸ.

ಸಂಜೆ ಗ್ರಾಫನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟೆವು. ಗ್ರೈಂಡಿಂಗ್ ಮಾಡುವಾಗ ಗೆರೆ ಎತ್ತರದಲ್ಲಿತ್ತು, ನಿಜ. ಆದರೆ ಅದಕ್ಕಿಂತ ಎಷ್ಟೋ ಎತ್ತರದ ಮೊಳೆಯಂಥ ಶಿಖರಗಳು ಮಧ್ಯೆ ಮಧ್ಯೆ ಇದ್ದವು. ಹುಡುಗ ಬೆರಳಿಟ್ಟು ಒಂದೊಂದೇ ಓದಿದ. "ಏರ್ ಹೊಡದ್ರು." "ಏರ್ ಹೊಡದ್ರು." "ಕಸಾ ಹೊಡದ್ರು." "ಏರ್ ಹೊಡದ್ರು, ಅಂಗಿಗೆ."

ಕಾಸ್ಟಿಂಗಿನ ಸಂದಿಯ ಉಸುಕನ್ನು ಏರ್ ಪೈಪಿನಿಂದ ಊದುವುದು ಅಲ್ಲಿ ರೂಢಿ. ಮುಖ ಬಗ್ಗಿಸಿ, ಕಣ್ಣು ಕಿರಿದು ಮಾಡಿ, ಎರಡು ಮೂರು ಸೆಕೆಂಡು. ಮನೆಗೆ ಹೋಗುವ ಮುನ್ನ ಅದೇ ಪೈಪಿನಿಂದ ಅಂಗಿ, ಪ್ಯಾಂಟು, ತಲೆ. ಒಣ ಕಸಬರಿಗೆಯಿಂದ ನೆಲ ಗುಡಿಸುವುದು ಬೇರೆ. ಇವು ಯಾರ ಕಣ್ಣಿಗೂ ಧೂಳಿನ ಕೆಲಸ ಅನ್ನಿಸಿರಲಿಲ್ಲ. ಸ್ವಚ್ಛ ಮಾಡುವುದು ಅಂತಲೇ ಅನ್ನಿಸಿತ್ತು. ಈ ಪ್ರಕರಣ ತಿರುಗಿದ್ದು ಅಲ್ಲಿ. ಒಂದು ರೂಪಾಯಿ ಖರ್ಚಿಲ್ಲದೆ ನಿಲ್ಲಿಸಬಹುದಾದದ್ದು ಆ ದಿನದ ಧೂಳಿನ ದೊಡ್ಡ ಪಾಲಾಗಿತ್ತು.

ಮಾಡಿದ್ದು, ಕೆಟ್ಟದ್ದು, ಮತ್ತೆ ಮಾಡಿದ್ದು

ನಾನು ಬರುವ ಮೊದಲೇ ಗೋಡೆಗೆ ಎರಡು ದೊಡ್ಡ ಫ್ಯಾನು ಹಾಕಿಸಿದ್ದರು. ಧೂಳು ಹೋಗಲಿ ಅಂತ ಒಳ್ಳೆ ಮನಸ್ಸಿನಿಂದಲೇ. ಫ್ಯಾನು ಹಾಕಿ, ಆರಿಸಿ, ಎರಡೂ ಕಡೆ ಅಳೆದೆವು. ಫ್ಯಾನು ತಿರುಗಿದಾಗ ಗ್ರೈಂಡರ್ ಹತ್ತಿರ ಕಡಿಮೆ, ಕೋರ್ ಮೇಜಿನಲ್ಲಿ ಜಾಸ್ತಿ. ಮೊದಲ ದಿನ ಹೊಳೆಯದ್ದು ಈಗ ಹೊಳೆಯಿತು. ಧೂಳು ಹೊರಗೆ ಹೋಗುತ್ತಿರಲಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ಹತ್ತು ಮೈಕ್ರಾನಿನ ಸಿಲಿಕಾ ಕಣ ಎದೆಯೆತ್ತರದಿಂದ ನಿಂತ ಗಾಳಿಯಲ್ಲಿ ಕೆಲವೇ ನಿಮಿಷಕ್ಕೆ ನೆಲ ಸೇರುತ್ತದೆ. ಒಂದು ಮೈಕ್ರಾನಿನದಕ್ಕೆ ಅದೇ ದಾರಿಗೆ ನಾಲ್ಕೈದು ಗಂಟೆ ಬೇಕು. ಫ್ಯಾನಿನ ಗಾಳಿಗೆ ಸಿಕ್ಕರೆ ಅದು ಬೀಳುವುದೇ ಇಲ್ಲ ಅನ್ನಬಹುದು. ಕೋರ್ ಮೇಜಿನ ಹೆಣ್ಣುಮಕ್ಕಳು ತಮಗೆ ಸಂಬಂಧವಿಲ್ಲದ ಕೆಲಸದ ಧೂಳು ಕುಡಿಯುತ್ತಿದ್ದರು.

ಫ್ಯಾನು ನಿಲ್ಲಿಸಿ, ಧೂಳನ್ನು ಹುಟ್ಟಿದಲ್ಲೇ ಎಳೆಯುವ ಹುಡ್ ಮಾಡಿಸಿದರು. ಮೊದಲನೆಯದು ಕೆಟ್ಟಿತು. ಅಡುಗೆಮನೆಯ ಚಿಮಣಿಯ ಹಾಗೆ ತಲೆಯ ಮೇಲೆ ಕಟ್ಟಿದ್ದರು. ನನ್ನನ್ನು ಕೇಳದೆ ಮಾಡಿದ್ದಲ್ಲ. ನಕ್ಷೆ ನೋಡಿದ್ದೆ, ಎತ್ತರ ಇಳಿಸಿ ಅಂದಿದ್ದೆ, ಕ್ರೇನಿಗೆ ಅಡ್ಡ ಬರುತ್ತದೆ ಅಂದಾಗ ಒಪ್ಪಿಕೊಂಡೆ. ಒಪ್ಪಬಾರದಿತ್ತು. ಕೊಳವೆಯ ಬಾಯಿಯ ಅಗಲದಷ್ಟೇ ದೂರ ಹೋದರೆ ಎಳೆತದ ವೇಗ ಬಾಯಿಯಲ್ಲಿದ್ದದ್ದರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಜು ಅಷ್ಟು ಕೆಳಗಿದ್ದಾಗ ಅಲ್ಲಿ ಎಳೆತವೇ ಇಲ್ಲ. ಅಷ್ಟಿಷ್ಟು ಮೇಲೆ ಹೋದ ಧೂಳು ಕಾಕಾನ ಮೂಗಿನ ಮುಂದೆ ಹಾದೇ ಹೋಗಬೇಕು. ಅಳೆದಾಗ 5 ಮೈಕ್ರಾನಿನ ಡಬ್ಬಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಎರಡನೇ ಸಲ ಮೇಜಿನ ಹಿಂಭಾಗಕ್ಕೆ ಹುಡ್ ತಂದರು. ಕಿಡಿ ಹಾರುವ ದಿಕ್ಕಿಗೇ ಬಾಯಿ, ಎರಡೂ ಬದಿಗೆ ತಗಡಿನ ಮರೆ, ಹೊರಗೆ ಬ್ಯಾಗ್ ಫಿಲ್ಟರ್. ಕಾಸ್ಟಿಂಗನ್ನು ತಿರುಗಿಸಲು ತಿರುಗುವ ಮೇಜು ಬೇಕು ಅಂದದ್ದು ಕಾಕಾ. ಇಲ್ಲದಿದ್ದರೆ ಅವರೇ ಸುತ್ತ ತಿರುಗಬೇಕು, ಆಗ ಹುಡ್ಡಿಗೆ ಬೆನ್ನು ಹಾಕುವ ಹೊತ್ತು ಬರುತ್ತದೆ. ನನಗೂ ಹೊಳೆದಿರಲಿಲ್ಲ, ಫ್ಯಾಬ್ರಿಕೇಶನ್‌ನವನಿಗೂ ಹೊಳೆದಿರಲಿಲ್ಲ. ಏರ್ ಪೈಪಿಗೆ ಬೀಗ ಬಿತ್ತು. ಸಂದಿಯ ಉಸುಕಿಗೆ ಮತ್ತು ಬಟ್ಟೆಗೆ ಒಳ್ಳೆ ಫಿಲ್ಟರಿನ ವ್ಯಾಕ್ಯೂಮ್ ಬಂತು. ಗುಡಿಸುವ ಮುನ್ನ ನೀರು ಚಿಮುಕಿಸುವುದು ಶುರುವಾಯಿತು. ಟಾವೆಲ್ ಸುತ್ತಿಕೊಳ್ಳುವ ಬದಲು ಎನ್95 ಮಾಸ್ಕ್ ಕೊಟ್ಟರು. ಗಡ್ಡ ಇದ್ದವರಿಗೆ ಅದು ಮುಖಕ್ಕೆ ಕೂರುವುದಿಲ್ಲ, ಅವರಿಗೆ ಬೇರೆ ವ್ಯವಸ್ಥೆ ಆಯಿತು.

ಮತ್ತೆ ಫಿಲ್ಟರ್ ಇಟ್ಟು ತೂಗಿದೆವು. ಗ್ರೈಂಡರ್ ಮೇಜಿನ ಅಂಕಿ ಮಿತಿಯ ಕೆಳಗೆ ಬಂತು. ಮಾಲೀಕರು ಅಷ್ಟಕ್ಕೇ ನಿಲ್ಲಿಸೋಣ ಅಂದಾಗ ನಾನು ಬೇಡ ಅಂದೆ. ಶೇಕಡಾ 18 ಕ್ವಾರ್ಟ್ಜ್ ಇರುವ ಧೂಳು 0.5 ಮಿಲಿಗ್ರಾಂ ಅಂದರೆ ಸಿಲಿಕಾ 0.09 ಮಿಲಿಗ್ರಾಂ. ಅಮೆರಿಕದ 2016ರ ನಿಯಮದ ಮಿತಿ 0.05. ಮಿತಿಯ ಕೆಳಗೆ ಇರುವುದು ಮತ್ತು ಎದೆಗೆ ತೊಂದರೆ ಇಲ್ಲದಿರುವುದು ಒಂದೇ ಅಲ್ಲ. ನಾಕೌಟ್ ಕೆಲಸವನ್ನು ಮರೆ ಕಟ್ಟಿ ಬೇರೆ ಮಾಡುವುದು, ಶಾಟ್ ಬ್ಲಾಸ್ಟಿಂಗ್ (ಸಣ್ಣ ಲೋಹದ ಗುಂಡು ಬಡಿಸಿ ಕಾಸ್ಟಿಂಗ್ ಸ್ವಚ್ಛ ಮಾಡುವ ಯಂತ್ರ) ಬಾಗಿಲಿನ ಹರಿದ ರಬ್ಬರ್ ಬದಲಿಸುವುದು, ಇವನ್ನೂ ಪಟ್ಟಿಗೆ ಸೇರಿಸಿದರು. ರಬ್ಬರ್ ಹರಿದದ್ದು ಎಣಿಸುವ ಯಂತ್ರವನ್ನು ಬಾಗಿಲಿನ ಅಂಚಿನುದ್ದಕ್ಕೂ ಹಿಡಿದಾಗ ಸಿಕ್ಕಿದ್ದು. ಗ್ರೈಂಡರ್ ಧೂಳಿನಂಥ ದಪ್ಪ ಕಣದ ಜಾಗದಲ್ಲಿ ತೂಕಕ್ಕೆ ಫಿಲ್ಟರ್, ಸೋರುವ ಜಾಗ ಹುಡುಕಲು ಎಣಿಕೆ, ಕೆಲಸದ ತಪ್ಪು ರೂಢಿ ಹಿಡಿಯಲು ಕ್ಷಣಕ್ಷಣದ ಗ್ರಾಫ್. ಮೂರರಲ್ಲಿ ಒಂದು ಮಾತ್ರ ಇದ್ದಿದ್ದರೆ ನಾವು ತಪ್ಪು ಕಡೆ ದುಡ್ಡು ಹಾಕುತ್ತಿದ್ದೆವು.

ಸುರಿಯುವ ಕಡೆಯದು ಇನ್ನೂ ಬಾಕಿ ಇದೆ. ಅಲ್ಲಿಯದು ಲೋಹದ ಆವಿ ಆರಿ ಆಗುವ ಹೊಗೆ, ಕಣಗಳು ಬಹಳ ಸಣ್ಣವು. 0.3 ಮೈಕ್ರಾನಿಗಿಂತ ಸಣ್ಣದು ನಮ್ಮ ಎಣಿಸುವ ಯಂತ್ರಕ್ಕೆ ಕಾಣುವುದಿಲ್ಲ. ಕಣ ತೀರಾ ದಟ್ಟವಾದರೆ ಎರಡು ಕಣ ಒಟ್ಟಿಗೆ ಹಾಯ್ದು ಒಂದೇ ಅಂತ ಲೆಕ್ಕಕ್ಕೆ ಬೀಳುತ್ತವೆ. ಅಂದರೆ ಅಲ್ಲಿ ಸಿಕ್ಕ ಅಂಕಿ ಎಷ್ಟೇ ದೊಡ್ಡದಿದ್ದರೂ ನಿಜಕ್ಕಿಂತ ಕಡಿಮೆಯೇ. ಅದಕ್ಕೆ ಕಣದ ಮೇಲೆ ಆಲ್ಕೋಹಾಲ್ ಆವಿ ಕೂರಿಸಿ, ಹನಿಯಷ್ಟು ದೊಡ್ಡದು ಮಾಡಿ ಎಣಿಸುವ ಯಂತ್ರ ಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಗಿನ ಗಾಳಿಗೆ ಒಂದು ಅಂದಾಜು ಕೊಟ್ಟಿದೆ: ದಿನದ ಸರಾಸರಿ ಘನ ಸೆಂಟಿಮೀಟರಿಗೆ 10,000 ಕಣ ದಾಟಿದರೆ, ಅಥವಾ ಒಂದು ಗಂಟೆಯದು 20,000 ದಾಟಿದರೆ ಜಾಸ್ತಿ ಅಂತ. ಅದು ಮಿತಿಯಲ್ಲ, ಫೌಂಡ್ರಿಗೆ ಮಾಡಿದ್ದೂ ಅಲ್ಲ. ಆದರೂ ಹೋಲಿಸಿ ನೋಡಲು ಒಂದು ಗುರುತು ಸಿಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಅಳೆಯುವುದು ಬೇಡ ಅಂತ ಮುಂದಕ್ಕೆ ಹಾಕಿದ್ದೇವೆ. ಗಾಳಿಯಲ್ಲಿ ಅಷ್ಟು ತೇವ ಇದ್ದಾಗ ಕಣ ನೀರು ಕುಡಿದು ಉಬ್ಬುತ್ತವೆ, ಬೆಳಕಿನ ಯಂತ್ರಗಳು ಇಲ್ಲದ ಧೂಳನ್ನೂ ತೋರಿಸುತ್ತವೆ.

ಕಾಕಾನದು ಸಿಲಿಕೋಸಿಸ್ ಅಂತ ಖಚಿತವಾಯಿತು. ಇದು ಹಿಂದೆ ಸರಿಯುವ ರೋಗವಲ್ಲ, ಧೂಳು ಬಿಟ್ಟ ಮೇಲೂ ಮುಂದುವರಿಯಬಹುದು. ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಮಾಲೀಕರು ಮುಚ್ಚಿಡಲಿಲ್ಲ, ಕಾಗದಪತ್ರ ಮಾಡಿದರು. ಪರಿಹಾರದ ಅರ್ಜಿ ನಡೆದಿದೆ. ಕಾಕಾನನ್ನು ಗ್ರೈಂಡರಿನಿಂದ ತೆಗೆದು ದೂರದ ಇನ್‌ಸ್ಪೆಕ್ಷನ್ ಮೇಜಿಗೆ ಹಾಕಿದರು. ಅಲ್ಲಿ ಓವರ್‌ಟೈಮ್ ಇಲ್ಲ. ಪಗಾರ ಕಡಿಮೆಯಾಗುತ್ತದೆ ಅಂತ ಅವರು ಮೊದಲು ಒಪ್ಪಲಿಲ್ಲ. ಮೊದಲಿನಷ್ಟೇ ಪಗಾರ ಕೊಡುವುದು ಅಂತ ಬರೆದುಕೊಟ್ಟ ಮೇಲೆ ಹೋದರು. ಉಳಿದ ಎಲ್ಲರ ಎಕ್ಸ್‌ರೇ ಮತ್ತು ಉಸಿರಿನ ಪರೀಕ್ಷೆ ಆಯಿತು.

ಕೊನೆಯ ಸುತ್ತಿನ ಸ್ಯಾಂಪಲ್ ದಿನ ಗ್ರೈಂಡರ್ ಮೇಜಿಗೆ ಬಂದವನು ಒಬ್ಬ ಹೊಸ ಹುಡುಗ. ನಾನು ಪಂಪಿನ ವೇಗ ನೋಡುತ್ತಿದ್ದೆ. ಕಾಕಾ ತಮ್ಮ ಮೇಜಿನಿಂದ ಎದ್ದು ಬಂದು ಸೈಕ್ಲೋನನ್ನು ತಾವೇ ಅವನ ಕಾಲರಿಗೆ ಸಿಕ್ಕಿಸಿದರು, ಕೊಳವೆ ಮಡಚಿಲ್ಲ ಅಂತ ಬೆರಳಾಡಿಸಿ ನೋಡಿದರು.

"ಇದರ ಮ್ಯಾಲ ಅರಿವಿ ಗಿರಿವಿ ಕಟ್ಟಬ್ಯಾಡ ತಮ್ಮಾ. ಧೂಳ ಇದರಾಗ ಹೋಗ್ಲಿ" ಅಂದರು.